ಅಳಿಸಲು ಬಂದವನು

ಫಾರಂನಲ್ಲಿ ‘ಹಚ್ಚೆ ತೆಗೆಸಲು ಕಾರಣ’ ಎಂಬಲ್ಲಿ ಅವನು ‘ಧರ್ಮ’ ಎಂದು ಬರೆದಿದ್ದ. ಓದಿದ ಕೂಡಲೇ ಅವಳಿಗೆ ಅನುಮಾನ ಬಂತು.

ಚರ್ಮದ ಕ್ಲಿನಿಕ್ಕಿನ ಲೇಸರ್ ಕೋಣೆಯಲ್ಲಿ ಅವಳು ಏಳು ವರ್ಷದಿಂದ ಟೆಕ್ನಿಷಿಯನ್. ಕೆಲಸ ಸಿಗುತ್ತಿಲ್ಲ ಎಂದು, ಹುಡುಗಿ ಮನೆಯವರು ಒಪ್ಪುತ್ತಿಲ್ಲ ಎಂದು, ಸುಮ್ಮನೆ ಬೇಜಾರಾಯಿತು ಎಂದು ಬರೆದವರನ್ನು ನೋಡಿದ್ದಳು. ಧರ್ಮ ಎಂದು ಬರೆದವನು ಇವನೇ ಮೊದಲು.

“ಧರ್ಮ ಅಂದ್ರೆ?”

“ನಾನು ಚರ್ಚಿಗೆ ಹೋಗೋನು ಮೇಡಂ. ಹಚ್ಚೆ ಹಾಕಿಸ್ಕೊಳ್ಳೋದು ತಪ್ಪಂತೆ. ವೇದಪುಸ್ತಕದಲ್ಲೇ ಇದೆಯಂತೆ.”

“ಅಂತೆ?”

“ಓದಿ ನೋಡಿದೆ. ಇದೆ.”

ಅವನು ಲಿಫ್ಟ್ ಮೆಕ್ಯಾನಿಕ್. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿತ್ತು. ಅಂಗಿಯ ತೋಳು ಮಡಚಿ ಎಡ ಮುಂಗೈ ಚಾಚಿದ. ಮೂರಕ್ಷರದ ಒಂದು ಹೆಣ್ಣಿನ ಹೆಸರು, ಅದರ ಕೆಳಗೆ ಐದು ವರ್ಷ ಹಿಂದಿನ ಒಂದು ತಾರೀಖು.

ಮದುವೆ ದಿನ ಎಂದುಕೊಂಡಳು ಅವಳು. ಹೆಂಡತಿಯ ಹೆಸರನ್ನು ಅಳಿಸಲು ದೇವರನ್ನು ಮುಂದೆ ಮಾಡುವ ಗಂಡಸು.

ಇಂಥವರ ಪರಿಚಯ ಅವಳಿಗಿತ್ತು. ಮೂರು ವರ್ಷ ಅವಳ ಜೊತೆ ಓಡಾಡಿದ್ದವನು, ಮನಸ್ಸು ಬದಲಾಯಿತು ಎಂದು ಹೇಳಿದ ದಿನವೇ ಫೋನಿನಲ್ಲಿದ್ದ ಅವಳ ಫೋಟೊ ತೆಗೆದುಹಾಕಿದ್ದ. ನಾಲ್ಕು ತಿಂಗಳಲ್ಲಿ ಬೇರೆ ಮದುವೆಯಾದ. ಒಂದು ಹೆಸರು ಅಳಿಸುವವನಿಗೆ ಇನ್ನೊಂದು ಅಳಿಸುವುದು ಎಷ್ಟು ಹೊತ್ತಿನ ಕೆಲಸ?

“ಕಣ್ಣಿಗೆ ಇದು ಹಾಕ್ಕೊಳ್ಳಿ. ರಬ್ಬರ್ ಬ್ಯಾಂಡ್ ಚಟ್ಟಂತ ಹೊಡೆದ ಹಾಗಾಗುತ್ತೆ,” ಎಂದು ಕಪ್ಪು ಗಾಗಲ್ ಕೊಟ್ಟಳು.

ಲೇಸರ್ ಬಡಿದಲ್ಲೆಲ್ಲ ಅಕ್ಷರಗಳ ಮೇಲೆ ಬೆಳ್ಳಗೆ ಹಿಮ ಕವಿದಂತಾಗಿ, ಕೆಲವೇ ನಿಮಿಷದಲ್ಲಿ ಕರಗಿತು. ಅವನು ಒಮ್ಮೆಯೂ ಕೈ ಎಳೆದುಕೊಳ್ಳಲಿಲ್ಲ. ಆದರೆ ಅವನ ಮುಖ ಪೂರ್ತಿ ಅವಳ ಕಡೆಗೇ ತಿರುಗಿತ್ತು.

“ಗಾಗಲ್ ಹಾಕಿದ ಮೇಲೆ ನಿಮಗೇನೂ ಕಾಣಲ್ಲ,” ಎಂದಳು.

“ಗೊತ್ತು ಮೇಡಂ. ಆದ್ರೂ ಮುಖ ಈ ಕಡೆಗೇ ತಿರುಗಿಬಿಡುತ್ತೆ.”

ಅವಳು ನಗಲಿಲ್ಲ. ನಗು ಬಂದಿತ್ತು ಎಂಬುದು ಬೇರೆ ಮಾತು.

ಅವನು ಹೋದ ಮೇಲೆ ರಿಸೆಪ್ಷನಿನ ಅಕ್ಕ ಬಾಗಿಲಲ್ಲಿ ಇಣುಕಿದಳು. “ಇಲ್ಲಿಗೆ ಬರೋರೆಲ್ಲ ನಿನ್ನನ್ನ ಸಿಸ್ಟರ್ ಅಂತಾರೆ. ಇವನೊಬ್ಬ ಮೇಡಂ ಅಂತಿದ್ದಾನೆ. ಹುಷಾರು ಕಣೇ.”

*

ಅವಳ ಅಪ್ಪ ನಿವೃತ್ತ ಪಾಸ್ಟರ್. ಊಟಕ್ಕೆ ಕೂತಾಗ ಕೇಳಿದಳು, “ಅಪ್ಪ, ಹಚ್ಚೆ ಹಾಕಿಸ್ಕೊಳ್ಳೋದು ಪಾಪಾನಾ?”

ಅಪ್ಪ ಚಮಚ ಕೆಳಗಿಟ್ಟು ಅವಳ ಎರಡೂ ಕೈ ನೋಡಿದರು. “ಎಲ್ಲಿ ಹಾಕಿಸ್ಕೊಂಡಿದ್ದೀಯ?”

“ನಾನಲ್ಲಪ್ಪ. ಒಬ್ಬ ಪೇಶೆಂಟು.”

“ಹಳೇ ಒಡಂಬಡಿಕೇಲಿ ಬೇಡ ಅಂತಿದೆ, ನಿಜ. ಆದ್ರೆ ಯಾವ ಮಾತಿನ ಜೊತೆ ಇದೆ ನೋಡು. ಸತ್ತವರಿಗೋಸ್ಕರ ಮೈ ಕೊಯ್ದುಕೊಳ್ಳಬೇಡಿ ಅನ್ನೋದರ ಜೊತೆ. ಸುತ್ತಲಿನ ಜನ ಹಾಗೆ ಅಳ್ತಿದ್ರು, ನೀವು ಹಾಗೆ ಅಳಬೇಡಿ ಅಂತ. ಅದರ ಹಿಂದಿನ ಸಾಲಲ್ಲೇ ಗಡ್ಡದ ಅಂಚು ಕತ್ತರಿಸಬೇಡಿ ಅಂತಾನೂ ಇದೆ. ನಾನು ನಲವತ್ತು ವರ್ಷ ನುಣ್ಣಗೆ ಶೇವ್ ಮಾಡ್ಕೊಂಡೇ ಪ್ರಸಂಗ ಮಾಡಿದೆ.”

“ಹಾಗಾದ್ರೆ ಹಾಕಿಸ್ಕೋಬಹುದು.”

“ಹಾಗೂ ಹೇಳಲಿಲ್ಲ. ನಿಮ್ಮ ದೇಹ ದೇವರ ಆಲಯ ಅಂತ ಹೊಸ ಒಡಂಬಡಿಕೇಲಿದೆ. ಆಲಯದ ಗೋಡೆ ಮೇಲೆ ಬರೆಯೋಕೆ ಮುಂಚೆ ಯಾಕೆ ಬರೀತಿದ್ದೀನಿ ಅಂತ ಕೇಳ್ಕೋಬೇಕು. ಅದು ಅವರವರ ಮನಸ್ಸಾಕ್ಷಿ.”

“ಅಳಿಸೋದಾದ್ರೆ?”

“ಅದಕ್ಕೂ ಅದೇ ಪ್ರಶ್ನೆ.” ಅಪ್ಪ ಮತ್ತೆ ಚಮಚ ಎತ್ತಿಕೊಂಡರು. “ಹುಡುಗ ಯಾರು?”

“ಪೇಶೆಂಟು ಅಂದೆನಲ್ಲಪ್ಪ.”

“ನಾನೂ ಅವನ ವಿಷಯವೇ ಕೇಳಿದ್ದು.”

*

ಆರು ವಾರಕ್ಕೊಮ್ಮೆ ಅವನು ಬಂದ. ಎರಡನೇ ಸಲ ಕ್ಲಿನಿಕ್ಕಿನ ಲಿಫ್ಟು ಮೂರನೇ ಮಹಡಿಯಲ್ಲಿ ಯಾಕೆ ಕುಲುಕುತ್ತದೆ ಎಂದು ವಿವರಿಸಿದ. ಮೂರನೇ ಸಲ ಅವಳು ಕೇಳದೆಯೇ ಅದನ್ನು ಸರಿಮಾಡಿ, ಕೈ ತೊಳೆದುಕೊಂಡು ಒಳಗೆ ಬಂದ.

“ಯಾರು ಹೇಳಿದ್ರು ರಿಪೇರಿ ಮಾಡಿ ಅಂತ?”

“ಯಾರೂ ಇಲ್ಲ. ನೀವು ಮೆಟ್ಟಿಲು ಹತ್ತಿ ಬರ್ತೀರಂತೆ, ಅಕ್ಕ ಹೇಳಿದ್ರು.”

ಅವನು ಬರುವ ದಿನ ತಾನು ಒಳ್ಳೆಯ ಸೀರೆ ಉಡುತ್ತಿದ್ದೇನೆ ಎಂಬುದು ಅವಳಿಗೆ ಆವತ್ತು ಗೊತ್ತಾಯಿತು. ಗೊತ್ತಾದದ್ದೇ ಕೋಪ ಬಂತು. ಹೆಸರಿನ ಮೊದಲ ಎರಡು ಅಕ್ಷರ ಹೊಗೆಯಂತಾಗಿದ್ದವು. ಈ ಹೆಂಗಸು ಯಾರು, ಎಲ್ಲಿದ್ದಾಳೆ, ಗಂಡ ಹೀಗೆ ಅಳಿಸುತ್ತಿರುವುದು ಅವಳಿಗೆ ಗೊತ್ತೇ? ಕೇಳಲು ಬಾಯಿ ಬರಲಿಲ್ಲ. ಫಾರಂನಲ್ಲಿ ಅವನು ಬರೆದಿದ್ದ ವಿಳಾಸದ ಪಕ್ಕದಲ್ಲಿ ಒಂದೇ ಚರ್ಚ್ ಇತ್ತು. ಮುಂದಿನ ಭಾನುವಾರ ಅಲ್ಲಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಅವನು ಮೂರನೇ ಸಾಲಿನಲ್ಲಿದ್ದ. ಪಕ್ಕದಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು. ಇಬ್ಬರೂ ಒಂದೇ ಹಾಡಿನ ಪುಸ್ತಕ ಹಿಡಿದಿದ್ದರು. ಹೆಂಡತಿ ಎಲ್ಲೂ ಕಾಣಲಿಲ್ಲ. ಆರಾಧನೆ ಮುಗಿದು ಅವನು ಬೆಂಚು ಜೋಡಿಸಲು ಹೋದಾಗ, ಅಂಗಳದಲ್ಲಿ ಟೀ ಕುಡಿಯುತ್ತಿದ್ದ ಆ ಹೆಂಗಸಿನ ಬಳಿ ಹೋದಳು.

“ನೀವು ಅವರ ತಾಯಿನಾ?”

“ಅತ್ತೆ,” ಎಂದರು ಆಕೆ. ಮದುವೆಯಾಗಿರುವುದು ನಿಜ ಎಂದುಕೊಂಡಳು ಅವಳು. ಆಕೆ ಲೋಟ ನೋಡುತ್ತ ಮಾತು ಮುಂದುವರಿಸಿದರು, “ಆಗಬೇಕಿತ್ತು. ಮದುವೆಗೆ ಹನ್ನೊಂದು ದಿನ ಇತ್ತು. ನನ್ನ ಮಗಳು ಜ್ವರ ಅಂತ ಮಲಗಿದೋಳು ಏಳಲಿಲ್ಲ. ಅವನ ಕೈ ಮೇಲಿರೋದು ಅವಳ ಹೆಸರು. ಆ ತಾರೀಖು ಅವಳು ಹೋದ ದಿನ.”

ಅವಳಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು.

“ಮತ್ತೆ ಯಾಕೆ ಅಳಿಸ್ತಿದ್ದಾರೆ?”

“ನಾನೇ ಹೇಳಿದ್ದು. ಅವನಿಗೆ ಮೂವತ್ನಾಲ್ಕು. ಯಾವ ಹುಡುಗಿ ನೋಡೋಕೆ ಹೋದ್ರೂ ಮೊದಲು ಆ ಕೈ ನೋಡಿ ಬೇಡ ಅಂತಾಳೆ. ಅಳಿಸಪ್ಪ ಅಂತ ಎಷ್ಟು ಬೇಡಿಕೊಂಡೆ, ಕೇಳಲಿಲ್ಲ. ಕೊನೆಗೆ, ಸತ್ತವರಿಗೋಸ್ಕರ ಹಚ್ಚೆ ಹಾಕಿಸ್ಕೊಳ್ಳೋದು ಪಾಪ, ವೇದಪುಸ್ತಕದಲ್ಲಿ ಬರೆದಿದೆ ಅಂದೆ. ಆ ವಾರವೇ ಕ್ಲಿನಿಕ್ಕಿಗೆ ಹೋದ.”

“ಪಾಪ ಅಂತ ನೀವು ನಂಬ್ತೀರಾ ಅಮ್ಮ?”

“ನನ್ನ ಮಗಳ ಹೆಸರನ್ನ ಪಾಪ ಅಂತ ನಾನು ಹೇಗೆ ನಂಬಲಿ?”

ಆಮೇಲೆ ಆಕೆ ಕಣ್ಣು ಕಿರಿದು ಮಾಡಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇಷ್ಟೆಲ್ಲ ಕೇಳ್ತಿದ್ದೀಯಲ್ಲ, ನೀನು ಯಾರಮ್ಮ?”

“ಅಳಿಸ್ತಿರೋಳು ನಾನೇ.”

ಆಕೆ ಲೋಟವನ್ನು ಕಟ್ಟೆಯ ಮೇಲಿಟ್ಟರು. ಅವಳ ಮೊಣಕೈ ಹಿಡಿದು ಮೆಲ್ಲಗೆ ಹೇಳಿದರು, “ಹಾಗಾದ್ರೆ ಬೇಗ ಮುಗಿಸು ಮಗಳೇ. ನಾನು ಹೇಳಿದ್ದನ್ನ ಅವನಿಗೆ ಮಾತ್ರ ಹೇಳಬೇಡ.”

*

ಇಷ್ಟು ದಿನ ಅವನ ಮೇಲಿದ್ದ ಅನುಮಾನ ಈಗ ಅವಳ ಮೇಲೆಯೇ ತಿರುಗಿತು. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೆರಡು ಸಲಕ್ಕೆ ಆ ಹೆಸರು ಪೂರ್ತಿ ಹೋಗುತ್ತದೆ. ಅವನು ಸ್ವತಂತ್ರ. ಅದು ಅವನ ಒಳ್ಳೆಯದಕ್ಕೋ, ತನ್ನ ಒಳ್ಳೆಯದಕ್ಕೋ? ಎಷ್ಟು ಕೇಳಿಕೊಂಡರೂ ಮನಸ್ಸು ನೇರ ಉತ್ತರ ಕೊಡಲಿಲ್ಲ.

ನಾಲ್ಕನೇ ಸಲ ಅವನು ಬಂದು ಕೈ ಚಾಚಿದಾಗ ಅವಳು ಮೆಷಿನ್ ಆನ್ ಮಾಡಲಿಲ್ಲ. ಸ್ಟೂಲ್ ಎಳೆದು ಕೂತು, ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಹೇಳಿದಳು. ಅಪ್ಪ ಹೇಳಿದ್ದನ್ನೂ ಹೇಳಿದಳು.

ಅವನು ಗಾಗಲ್ ಅನ್ನು ಕೈಯಲ್ಲಿ ತಿರುಗಿಸುತ್ತಿದ್ದ. “ನೀವು ಚರ್ಚಿಗೆ ಯಾಕೆ ಬಂದ್ರಿ?”

“ಅನುಮಾನದಿಂದ. ನೀವು ಮದುವೆಯಾದವರು ಅಂದ್ಕೊಂಡಿದ್ದೆ.”

“ಆಗಿದ್ರೆ ನಿಮಗೇನು?”

ಅವಳು ಮೆಷಿನ್ನಿನ ವೈರು ಸುತ್ತತೊಡಗಿದಳು. ಉತ್ತರಕ್ಕೆ ಅವನು ಒಂದು ನಿಮಿಷ ಕಾದ. ಆಮೇಲೆ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಹೊರಟುಹೋದ. ಸಂಜೆ ಅವನು ಫೋನ್ ಮಾಡಿ ಮುಂದಿನ ಅಪಾಯಿಂಟ್‌ಮೆಂಟ್ ಎಲ್ಲ ಕ್ಯಾನ್ಸಲ್ ಮಾಡಿದ ಎಂದು ರಿಸೆಪ್ಷನಿನ ಅಕ್ಕ ಹೇಳಿದಳು. ಯಾಕೆ ಎಂದು ಅಕ್ಕನೇ ಕೇಳಿದಳು. ಅವಳು ಗೊತ್ತಿಲ್ಲ ಎಂದಳು.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದಾಗ, ಹೊರಗಿನ ಬೆಂಚಿನಲ್ಲಿ ಅವನು ಕೂತಿದ್ದ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು.

“ಇವತ್ತು ನಿಮ್ಮ ಹೆಸರು ಲಿಸ್ಟಲ್ಲಿ ಇಲ್ಲ,” ಎಂದಳು.

“ಗೊತ್ತು. ನಾನಿನ್ನು ನಿಮ್ಮ ಪೇಶೆಂಟ್ ಅಲ್ಲ. ಅದನ್ನ ಹೇಳೋಕೇ ಬಂದೆ.”

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

“ಅತ್ತೆ ಹತ್ರ ಮಾತಾಡಿದೆ. ಮೊದಲು ಇಲ್ಲ ಅಂದ್ರು, ಆಮೇಲೆ ಅತ್ತರು. ಐದು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಅತ್ತಿದ್ದು ಅದೇ ಮೊದಲು.” ಅವನು ಮುಂಗೈ ನೋಡಿಕೊಂಡ. “ಹಾಕಿಸ್ಕೊಂಡಾಗ ಮರೀಬಾರದು ಅನ್ನೋ ಹಠ ಇತ್ತು. ಅಳಿಸೋಕೆ ಬಂದಾಗ ಅತ್ತೆ ಮಾತಿನ ಭಯ ಇತ್ತು. ಎರಡು ಸಲವೂ ದೇವರನ್ನ ಕೇಳಲೇ ಇಲ್ಲ.”

“ಈಗ ಕೇಳಿದ್ರಾ?”

“ಕೇಳಿದೆ. ಇರೋದು ಇರಲಿ ಅನ್ನಿಸ್ತು. ಇದು ಪಾಪದ ಗುರುತು ಅಂತ ಅನ್ನಿಸ್ತಿಲ್ಲ, ಪ್ರಾರ್ಥನೆಗೆ ಕೂತಾಗ ಚುಚ್ಚಲ್ಲ.” ಸ್ವಲ್ಪ ತಡೆದು ಕೇಳಿದ, “ನಿಮಗೆ ಕಷ್ಟ ಆಗುತ್ತಾ, ಹೀಗೇ ಇದ್ರೆ?”

ಅವಳ ಹಳೆಯ ಅನುಮಾನ ತಲೆ ಎತ್ತಿತು. “ನನ್ನನ್ನ ಯಾಕೆ ಕೇಳ್ತಿದ್ದೀರ?”

“ದಿನಾ ನೋಡಬೇಕಾಗುತ್ತಲ್ಲ.”

ಅವಳು ಅವನ ಮುಖವನ್ನು ಪರೀಕ್ಷೆ ಮಾಡುವವಳಂತೆ ನೋಡಿದಳು. ಗಾಗಲ್ ಇಲ್ಲದ ಅವನ ಕಣ್ಣು ಕಂದು ಬಣ್ಣದ್ದು. ಹೆದರಿಕೊಂಡಿತ್ತು, ಆದರೆ ಪಕ್ಕಕ್ಕೆ ಸರಿಯಲಿಲ್ಲ.

“ಆಗುತ್ತೆ. ಕೆಲವು ದಿನ ಹೊಟ್ಟೆಕಿಚ್ಚೂ ಆಗಬಹುದು,” ಎಂದಳು. “ಫೋನ್ ಬಂದ್ರೆ ಯಾರು ಅಂತ ಕೇಳ್ತೀನಿ. ತಡವಾದ್ರೆ ಯಾಕೆ ಅಂತ ಕೇಳ್ತೀನಿ. ನನ್ನ ಸ್ವಭಾವ ಬೇಗ ಬದಲಾಗಲ್ಲ. ಆದ್ರೆ ಇದನ್ನ ಅಳಿಸಿ ಅಂತ ಯಾವತ್ತೂ ಕೇಳಲ್ಲ.”

“ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತೀನಿ.”

“ಹಾಗಾದ್ರೆ ಈಗಲೇ ಒಂದು ಹೇಳಿ. ಅವಳು ಹೇಗಿದ್ದಳು?”

ಅವನು ಬೆಚ್ಚಿದಂತೆ ನೋಡಿದ. ಐದು ವರ್ಷದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಹೇಗೆ ಹೋದಳು ಎಂದಷ್ಟೇ ಎಲ್ಲರೂ ಕೇಳಿದ್ದರು.

“ಹಾಡೋಕೆ ಬರ್ತಿರಲಿಲ್ಲ,” ಎಂದ. “ಆದ್ರೂ ಎಲ್ಲರಿಗಿಂತ ಜೋರಾಗಿ ಹಾಡ್ತಿದ್ದಳು.”

ಹೇಳುತ್ತ ಅವನಿಗೆ ನಗು ಬಂತು. ನಗುವಿನ ನಡುವೆ ದನಿ ಒಡೆಯಿತು. ಅವಳು ಬೆಂಚಿನ ಮೇಲೆ ಹತ್ತಿರ ಸರಿದು, ತನ್ನ ಬರಿಗೈಯನ್ನು ಅವನ ಮುಂಗೈ ಮೇಲಿಟ್ಟು, “ಆಮೇಲೆ?” ಎಂದಳು.