ಡೆಲ್ಮರ್‌ನ ಬೀರು, ಲೈಲ್‌ನ ಬಂದೂಕು

ಒಂದೇ ಗುಂಡಿಗೆ ಮೂರು ಎಲ್ಕ್ ಕಡವೆ ಕೆಡವಿದವನು ಇಡೀ ಮೊಂಟಾನಾದಲ್ಲಿ ನಾನೊಬ್ಬನೇ. ಮೂರನೆಯದು ಗುಡ್ಡದ ಆಚೆ ಮಲಗಿ ನಿದ್ದೆ ಮಾಡುತ್ತಿತ್ತು. ಇಂಥ ಆರ್ವಿಲ್ ಸ್ಟೆನ್ರುಡ್ ಇರುವ ಊರಲ್ಲಿ ಬಂದೂಕು ಕಳವಾದರೆ, ಪೊಲೀಸ್ ಡೆಪ್ಯುಟಿ ವಿಲ್ಮಾ ಬೇರೆ ಯಾರನ್ನು ಜೊತೆಗೆ ಕರೆದಾಳು? ಕರೆಯುವ ಮೊದಲೇ ಅವಳ ಜೀಪು ಹತ್ತಿ ಕೂತೆ.

ಅಂದು ಬೆಳಿಗ್ಗೆ ಹೋಟೆಲಿನಲ್ಲಿ ಎಲ್ಲರೂ ಆಪಲ್ ಪೈ ತಿನ್ನುತ್ತಿದ್ದೆವು. ಗ್ಯಾರೇಜಿನ ಡೆಲ್ಮರ್ ಬಾಗಿಲು ತಳ್ಳಿಕೊಂಡು ಬಂದ. ಮುಖ ಬಿಳುಚಿತ್ತು.

"ಬೀರುವಲ್ಲಿ ಲೈಲ್‌ನ ರೈಫಲ್ ಇಲ್ಲ!"

ಕುರ್ಚಿಗಳು ಉರುಳಿದವು. ಕಣ್ಣು ಮಿಟುಕಿಸುವುದರೊಳಗೆ ಹೋಟೆಲ್ ಖಾಲಿ — ಎಲ್ಲರ ಟ್ರಕ್ಕೂ ಲೈಲ್‌ನ ಮನೆಯತ್ತ. ಬಿಸಿ ಬಿಸಿ ಪೈ ಅದು. ನಾನು ಇನ್ನೊಂದು ತುಂಡು ಹೇಳಿದೆ. ವಿಲ್ಮಾ ಜೀಪಲ್ಲಿ ಬಂದಾಗಲೂ ತಿನ್ನುತ್ತಲೇ ಇದ್ದೆ.

ಓಡಿದ್ದೇಕೆ? ಚಳಿಗಾಲದಿಂದ ಲೈಲ್‌ನ ಮನಸ್ಸು ಸರಿಯಿಲ್ಲ. ಬದುಕೇ ಬೇಡ ಎನ್ನಿಸುತ್ತದೆ ಎಂದು ಡಾಕ್ಟರ ಮುಂದೆ ಅತ್ತಿದ್ದ. ನಮ್ಮ ಕೌಂಟಿಯಲ್ಲಿ ಹೊಸ ಏರ್ಪಾಡು: ಅಂಥವರು ಚೇತರಿಸಿಕೊಳ್ಳುವ ತನಕ ತಮ್ಮ ಬಂದೂಕನ್ನು ನಂಬಿಕಸ್ಥರೊಬ್ಬರ ಬೀಗದಲ್ಲಿಡಬಹುದು. ಯಾರೆಂದು ಅವರೇ ಆರಿಸಬೇಕು. ಲೈಲ್ ಆರಿಸಿದ್ದು ಡೆಲ್ಮರ್‌ನನ್ನು! ಟೈರಿಗೆ ಗಾಳಿ ಹೊಡೆಯುವ, ವರ್ಷಕ್ಕೆ ನಾಲ್ಕು ಮಾತಾಡುವ ಡೆಲ್ಮರ್‌ನನ್ನು! ಚಡ್ಡಿ ಹಾಕುವ ಕಾಲದಿಂದ ಜೊತೆಗಿದ್ದ ನನ್ನನ್ನಲ್ಲ.

ಗ್ಯಾರೇಜಿನಲ್ಲಿ ವಿಲ್ಮಾ ಕೇಳಿದಳು, "ಬೀಗ ಮುರಿದಿಲ್ಲ. ಕೀಲಿ ಎಲ್ಲಿಡ್ತೀಯ?"

"ಕಾಫಿ ಡಬ್ಬೀಲಿ."

"ಯಾರ್ಯಾರಿಗೆ ಗೊತ್ತು?"

"ಸೋದರಳಿಯ ಕೋಲ್‌ಗೆ. ಗಿರಾಕಿಗಳಿಗೂ."

"ಹಾಗಾದ್ರೆ ಕೋಲ್‌ನೇ!" ಎಂದೆ. "ಅವನ ಕಣ್ಣು ನೋಡಿ!"

"ಲೇ ಮುದುಕ," ಕೋಲ್ ಕೆರಳಿದ, "ಮಾರೋಕೆ ಕದಿಯೋನಾದ್ರೆ ಪಕ್ಕದ ಹೊಸ ಶಾಟ್‌ಗನ್ ಬಿಡ್ತಿದ್ನಾ?"

ವಿಲ್ಮಾ ಬೀರುವಿಗೆ ಇಣುಕಿದಳು. "ಗುಂಡುಗಳೂ ಇಲ್ಲೇ ಇವೆ. ಗುಂಡು ಬೇಡದವನಿಗೆ ಬಂದೂಕು ಯಾಕೆ?"

ಲೈಲ್ ಮನೆ ಮೆಟ್ಟಿಲ ಮೇಲೆ ಕೂತಿದ್ದ. "ನಾನು ತಗೊಂಡಿಲ್ಲ, ವಿಲ್ಮಾ. ಅದೆಲ್ಲಿದೆ ಅಂತ ಮೊದ್ಲು ಹುಡುಕು. ಬೀಗದೊಳಗಿದೆ ಅನ್ನೋ ಧೈರ್ಯದ ಮೇಲೇ ದಿನ ದೂಡ್ತಿದ್ದೆ."

ವಿಲ್ಮಾ ನನ್ನತ್ತ ತಿರುಗಿದಳು. "ಆರ್ವಿಲ್, ಪೈ ಹೇಗಿತ್ತು?"

"ಸೊಗಸಾಗಿತ್ತು. ಯಾಕೆ?"

"ರೈಫಲ್ ಇಲ್ಲ ಅಂದ ತಕ್ಷಣ ಊರೇ ಇಲ್ಲಿಗೆ ಓಡಿಬಂತು. ನೀನು ಬೈತಿದ್ಯಲ್ಲ, ಆ ಕೋಲ್ ಕೂಡ. ಜೀವದ ಗೆಳೆಯ ಮಾತ್ರ ಪೈ ತಿಂತಾ ಕೂತಿದ್ದ. ಯಾಕೆ? ಅದು ಲೈಲ್ ಕೈಲಿಲ್ಲ ಅಂತ ಆಗಲೇ ಗೊತ್ತಿದ್ದವನು ಒಬ್ಬನೇ — ಕದ್ದವನು!"

"ಕದ್ದಿಲ್ಲ! ಕಾಪಾಡಿದೆ! ಕಂಬಳಿ ಸುತ್ತಿ, ನನ್ನ ಟ್ರಕ್ ಸೀಟಿನ ಕೆಳಗೆ ಜೋಪಾನವಾಗಿದೆ."

"ಬೀಗ?"

"ಸೀಟಿಗೆಲ್ಲಿಯ ಬೀಗ?"

"ಸಂಜೆ ಮೀನು ಹಿಡಿಯೋಕೆ ಲೈಲ್ ಯಾರ ಟ್ರಕ್ಕಲ್ಲಿ ಕೂತು ಹೋಗ್ತಾನೆ, ಆರ್ವಿಲ್?"

ನನ್ನ ಪಕ್ಕದ ಸೀಟು. ಅದೇ ಸೀಟು.

ಲೈಲ್ ತಲೆಯೆತ್ತಿದ. "ಕತ್ತೆ! ನಿನಗೆ ಕೊಟ್ಟಿದ್ರೆ ನೀನು ಊರಿಗೆಲ್ಲ ತೋರಿಸಿಕೊಂಡು ಬರ್ತಿದ್ದೆ. ಅದಕ್ಕೇ ಅವನಿಗೆ ಕೊಟ್ಟೆ. ಜೀವ ಬೇಡ ಅನ್ಸಿದಾಗ ನಾನು ಫೋನು ಮಾಡೋದು ಯಾರಿಗೆ? ಡೆಲ್ಮರ್‌ಗಾ?"

ಟ್ರಕ್ಕಿನ ಕೀಲಿಯನ್ನು ವಿಲ್ಮಾಳ ಕೈಗೆ ಹಾಕಿದೆ. ಕದ್ದದ್ದು ಹೊಟ್ಟೆಕಿಚ್ಚಿಗೆ, ಮತ್ತೇನಿಲ್ಲ.

ಇನ್ನು ಆ ಕಡವೆ — ಮೂರಲ್ಲ, ಒಂದೇ. ಹೊಡೆದದ್ದು ಲೈಲ್. ನಾನು ಕಾಲು ಹಿಡಿದು ಎಳೆದೆ.