ಅಜ್ಜಿಯ ದನಿಯಲ್ಲಿ ಬಂದ ಕಂಪ್ಲೇಂಟು

ಸಿಗ್ನಲ್ ಬಂದಾಗ ತೂರಿಕೋ ಅಂತ ಹೊಸ ಗಾದೆ. ಹಾಗೆ ತೂರಿಕೊಳ್ಳಲು ಹೋಗಿ ಮುಗ್ಗರಿಸಿದವಳ ಕಥೆ ಇದು. ಒಂದಕ್ಷರವೂ ಸುಳ್ಳಲ್ಲ!

ಅವಳು ಬಾಗಿಲು ತೆಗೆದಳು. ಅದೇ ವೈಫೈ ಹುಡುಗ! ಹೆಗಲಲ್ಲಿ ಚೀಲ, ಮುಖದಲ್ಲಿ ಗಂಟು.

“ಅಜ್ಜಿ ಎಲ್ಲಿ ಮೇಡಂ? ನೆಟ್ ಸ್ಲೋ ಅಂತ ಇದು ಮೂರನೇ ಕಂಪ್ಲೇಂಟು. ಅದೂ ‘ಅದೇ ಹುಡುಗನ್ನ ಕಳ್ಸಿ’ ಅಂತ ಹಟ! ಬೈಯೋಕೇ ಕರೆಸ್ತಾರಾ? ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ನಾನು ಗೋಡೌನ್‌ನಲ್ಲಿ ಕೇಬಲ್ ಸುತ್ತಬೇಕಂತೆ. ಇಲ್ಲಿಗೆ ಬೇರೆಯವರು ಬರ್ತಾರೆ.”

ಕಾರ್ಟೂನುಗಳಿಗೆ ದನಿ ಕೊಡುವುದು ಅವಳ ಕೆಲಸ. ಅಜ್ಜಿಯ ದನಿಯಲ್ಲಿ ಆಫೀಸಿಗೆ ಫೋನ್ ಮಾಡಿದವಳೂ ಅವಳೇ!

ಅವನು ರೂಟರ್ ಸೆಟ್ಟಿಂಗ್ ತೆರೆದ.

“ಐದು ಗಿಗಾಹರ್ಟ್ಸ್ ಮತ್ತೆ ಆಫ್! ಹೊಸ ವೈಫೈ ಸಿಕ್ಸ್ ರೂಟರು, ಪಾಪ, ಎರಡು ಪಾಯಿಂಟ್ ನಾಲ್ಕರಲ್ಲೇ ತೆವಳ್ತಿದೆ. ಅದು ಗೋಡೆ ದಾಟುತ್ತೆ, ಆದ್ರೆ ನಿಧಾನ. ಐದಕ್ಕೆ ವೇಗ ಜಾಸ್ತಿ, ಗೋಡೆ ಕಂಡ್ರೆ ಸುಸ್ತು. ರೂಟರ್ ಹಾಕಿದ ದಿನಾನೇ ಹೇಳಿದ್ನಲ್ಲ?”

ಹೇಳಿದ್ದ. ಯಾವುದನ್ನು ಆಫ್ ಮಾಡಬೇಕೆಂದು ಅವಳಿಗೆ ಗೊತ್ತಾದದ್ದೇ ಹಾಗೆ!

ಒಳಗಿನಿಂದ ಅಜ್ಜಿ ಬಂದರು. “ಕಂಪ್ಲೇಂಟಾ? ನಾನಾ? ವೈಫೈ ಅಂದ್ರೆ ತಿನ್ನೋದೋ ಉಡೋದೋ ನಂಗೊತ್ತಿಲ್ಲ ಕಣಪ್ಪಾ!”

ಅವನು ನಿಧಾನವಾಗಿ ಅವಳತ್ತ ತಿರುಗಿದ.

ಸುಮ್ಮನಿದ್ದರೆ ಅವನ ಕೆಲಸಕ್ಕೆ ಕುತ್ತು... ಬಾಯಿಬಿಟ್ಟರೆ ನನ್ನ ಮಾನ...

ಅವಳು ಆಫೀಸಿಗೆ ಫೋನ್ ಮಾಡಿದಳು. ಈ ಸಲ ಸ್ವಂತ ದನಿಯಲ್ಲಿ.

“ಸಾರ್, ಕಂಪ್ಲೇಂಟೆಲ್ಲ ಸುಳ್ಳು. ಸ್ಪೀಡ್ ಕಮ್ಮಿ ಮಾಡಿದ್ದೂ ನಾನೇ, ಅಜ್ಜಿ ಥರ ಮಾತಾಡಿದ್ದೂ ನಾನೇ. ಅವರ ಕೆಲಸದಲ್ಲಿ ತಪ್ಪಿಲ್ಲ.”

“ಯಾಕಮ್ಮಾ ಹಾಗ್ಮಾಡಿದ್ರಿ?” ಆ ಕಡೆಯಿಂದ ಮೇಲಧಿಕಾರಿ ಕೇಳಿದರು.

“ಸರಿಹೋದ್ರೆ... ಅವರು ಮತ್ತೆ ಬರಲ್ವಲ್ಲ ಸಾರ್!”

ಫೋನ್ ಇಟ್ಟಳು.

“ನನಗೇ ಒಂದು ಮಾತು ಹೇಳಬಹುದಿತ್ತಲ್ಲ...” ಎಂದ ಅವನು.

“ಹೇಗೆ ಹೇಳ್ಲಿ? ಬಂದಾಗೆಲ್ಲ ಎಂಬಿಪಿಎಸ್ ಬಿಟ್ಟು ಬೇರೇನು ಮಾತಾಡಿದ್ರಿ ನೀವು?”

“ನಿಮ್ಮೆದುರು ಬೇರೆ ಮಾತೇ ಹೊರಡ್ತಿರಲಿಲ್ಲ...”

ಅವಳ ಕಣ್ಣು ತುಂಬಿತು. ಅವನು ಐದನ್ನು ಆನ್ ಮಾಡಿ, ಚೀಲ ಹೆಗಲಿಗೇರಿಸಿದ.

“ನಾಳೆ ಬರ್ಲಾ?”

“ಏನು ಕೆಟ್ಟಿದೆ ಅಂತ?”

“ಏನೂ ಕೆಟ್ಟಿಲ್ವಲ್ಲ ಅಂತ ನೋಡೋಕೆ.”

“ಹೂಂ, ಅದೇ ಹುಡುಗನ್ನ ಕಳ್ಸಿ!” ಎಂದರು ಅಜ್ಜಿ, ಅಪ್ಪಟ ಅಸಲಿ ದನಿಯಲ್ಲಿ.

ಮೂವರೂ ನಕ್ಕರು. ಬೀದಿಗೆ ಕೇಳುವಷ್ಟು ಜೋರಾಗಿ ನಕ್ಕವನು ಮಾತ್ರ, ಮೂರು ಸಲ ಮೋಸಹೋದ ಅವನೇ!