ತಡವಾಗಿ ಎದ್ದ ಬಾವುಟ

ಫೈನಲ್‌ನ ಹಿಂದಿನ ದಿನ ಬೆಳಿಗ್ಗೆ ತಂಡದ ಕೋಚ್ ಆಗಿದ್ದ ಅವಳು ಪಂದ್ಯದ ಅಧಿಕಾರಿಗಳ ಕೋಣೆಗೆ ನುಗ್ಗಿದಾಗ ಲೈನ್ ಜಡ್ಜ್ ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದ.

"ನಮ್ಮ ಟೀಮಿನ ಮ್ಯಾಚಿಗೆ ನಿಮ್ಮನ್ನ ಹಾಕಬಾರದು ಅಂತ ನೀವೇ ಬರೆದು ಕೊಟ್ಟಿದ್ದೀರಂತೆ. ಹೌದಾ?"

"ಹೌದು."

"ನಾನೇನು ಮಾಡಿದೆ ನಿಮಗೆ?"

ಅವನು ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ.

ಹನ್ನೊಂದು ವರ್ಷ ಅವಳು ದೇಶದ ವಾಲಿಬಾಲ್ ತಂಡದಲ್ಲಿ ಆಡಿದ್ದಳು, ಕೊನೆಯ ಐದು ವರ್ಷ ನಾಯಕಿ. ಅವಳು ನೆಟ್ಟಿನ ಮೇಲೆ ಎಗರಿದರೆ ಎದುರಿನವರ ಎದೆ ಧಸಕ್ಕೆನ್ನುತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು ಕೋಚ್ ಆದಳು. ಅಷ್ಟೂ ಕಾಲ ಕೋರ್ಟಿನ ಮೂಲೆಯಲ್ಲಿ ಬಾವುಟ ಹಿಡಿದು, ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ತೋರಿಸುತ್ತಿದ್ದವನು ಇವನು. ಅವಳು ಅವನೊಡನೆ ಜಗಳವಾಡದ ಟೂರ್ನಮೆಂಟ್ ಇರಲಿಲ್ಲ. ಆಮೇಲೆ ವಿಡಿಯೋ ನೋಡಿದರೆ ಪ್ರತಿಸಲವೂ ಅವನದೇ ಸರಿ. ಮೊದಮೊದಲು ಅದಕ್ಕೆ ಮೈ ಉರಿಯುತ್ತಿತ್ತು. ಬರಬರುತ್ತಾ, ಅವನು ಆ ಮೂಲೆಯಲ್ಲಿ ಇದ್ದರೇನೇ ಅವಳಿಗೆ ಧೈರ್ಯ.

ನಾಳೆ ಗೆದ್ದರೆ ಕೋಚ್ ಆಗಿ ಮೊದಲ ಕಪ್. ಆದರೆ ಟೂರ್ನಮೆಂಟಿನ ಸೆಕ್ರೆಟರಿ ಈ ಸುದ್ದಿ ಹೇಳಿದಾಗಿನಿಂದ ಅವಳ ತಲೆಯಲ್ಲಿ ಕಪ್ ಇರಲಿಲ್ಲ. ಈ ಮನುಷ್ಯನಿಗೆ ನಾನು ಸಾಕಾಗಿಹೋದೆನಾ ಎಂಬುದೊಂದೇ ಸಂಕಟ.

"ಜಗಳ ಆಡ್ತೀನಿ ಅಂತಾನಾ?" ಅವಳ ದನಿ ಸಣ್ಣದಾಯಿತು. "ಬೇಕಾದ್ರೆ ನಾಳೆ ತುಟಿ ಪಿಟಕ್ಕೆನ್ನಲ್ಲ. ನೀವು ಅಲ್ಲಿ ನಿಂತಿದ್ರೆ ಸಾಕು ನನಗೆ."

"ಅದಕ್ಕಲ್ಲ. ಮೊನ್ನೆ ಸೆಮಿಫೈನಲ್‌ನಲ್ಲಿ ನಿಮ್ಮ ಹುಡುಗಿ ಹೊಡೆದ ಚೆಂಡು ನನ್ನ ಕಾಲ ಹತ್ತಿರ ಬಿತ್ತಲ್ಲ?"

"ಔಟ್ ಕೊಟ್ರಿ. ಔಟೇ ಆಗಿತ್ತು."

"ಬಾವುಟ ತಡವಾಗಿ ಎತ್ತಿದೆ."

"ಒಂದು ಕ್ಷಣ. ಅದನ್ನ ಯಾರು ನೋಡ್ತಾರೆ?"

"ನಾನು ನೋಡಿದೆ." ಅವನು ಮೊದಲ ಸಲ ತಲೆಯೆತ್ತಿದ. ಕಿವಿಯೆಲ್ಲ ಕೆಂಪಾಗಿತ್ತು. "ನೀವು ಬೆಂಚಿನಿಂದ ಎದ್ದು ನಿಂತಿದ್ರಿ. ನಿಮ್ಮ ಮುಖ ನೋಡಿ, ಅದು ಒಳಗೇ ಬಿದ್ದಿರಲಿ ಅಂತ ಆಸೆಪಟ್ಟೆ. ಇಷ್ಟು ವರ್ಷದಲ್ಲಿ ಗೆರೆ ಬಿಟ್ಟು ಬೇರೆ ಕಡೆ ನೋಡಿದವನಲ್ಲ ನಾನು. ಒಂದು ತಂಡದ ಮೇಲೆ ಮನಸ್ಸಿಟ್ಟವನು ಬಾವುಟ ಹಿಡೀಬಾರದು."

"ತಂಡದ ಮೇಲಾ?"

ಅವನು ಸುಳ್ಳು ಹೇಳಲು ಸ್ವಲ್ಪ ಹೊತ್ತು ಪ್ರಯತ್ನಪಟ್ಟ. ಆಗಲಿಲ್ಲ.

"ತಂಡದ ಮೇಲಲ್ಲ."

ಹತ್ತು ಸಾವಿರ ಜನರ ಮುಂದೆ ಸರ್ವ್ ಮಾಡುವಾಗಲೂ ನಡುಗದ ಕೈಗಳನ್ನು ಈಗ ಎಲ್ಲಿಡಬೇಕೋ ತಿಳಿಯದೆ ಅವಳು ಟ್ರ್ಯಾಕ್‌ಸೂಟಿನ ಜೇಬಿಗೆ ತುರುಕಿದಳು. ಹೊರಗೆ ಇಷ್ಟೊತ್ತೂ ಗೋಡೆಗೆ ಚೆಂಡು ಬಡಿಯುತ್ತಿದ್ದ ಅವಳ ತಂಡದ ಹುಡುಗಿಯರು ಈಗ ಅನುಮಾನ ಬರುವಷ್ಟು ಸದ್ದಿಲ್ಲದೆ ಕಿವಿಗೊಟ್ಟು ನಿಂತಿದ್ದರು.

"ಹಾಗಾದ್ರೆ ನಾಳೆ ಎಲ್ಲಿರ್ತೀರಿ?"

"ಮನೇಲಿ."

"ಗ್ಯಾಲರಿಗೆ ಬನ್ನಿ. ಅಮ್ಮ ಬರ್ತಾರೆ. ಇಷ್ಟು ವರ್ಷ ನನ್ನ ಆಟ ನೋಡಿಯೂ ಪಾಯಿಂಟ್ ಯಾರಿಗೆ ಹೋಯ್ತು ಅಂತ ಅವರಿಗೆ ಗೊತ್ತಾಗಲ್ಲ. ಪಕ್ಕ ಕೂತು ಹೇಳ್ಕೊಡಿ."

"ನೀನು ಯಾರಪ್ಪಾ ಅಂತ ಕೇಳಿದ್ರೆ?"

"ಈಗ ನನಗೆ ಹೇಳಿದ್ದನ್ನೇ ಹೇಳಿ."

"ನಿಮ್ಮ ಅಮ್ಮನಿಗಾ?"

"ಹೂಂ." ಅವಳು ಬಾಗಿಲವರೆಗೆ ಹೋಗಿ, ಮುಖ ತಿರುಗಿಸದೆ ನಿಂತಳು. "ಅವರ ಮಗಳಿಗೂ ನಿಮ್ಮ ಮೇಲೆ ಮನಸ್ಸಿದೆ ಅಂತ, ಅದನ್ನೂ ನೀವೇ ಹೇಳಿಬಿಡಿ. ಮೂರು ವರ್ಷದಿಂದ ಹೇಳೋಕೆ ನೋಡ್ತಿದ್ದೀನಿ, ಅಮ್ಮನ ಮುಂದೆ ನನಗೆ ಬಾಯೇ ಬರಲ್ಲ."